ನೇತ್ರಾಣಿಗೆ ಹೊರಟಿದ್ದೀರಾ? ಮೊದಲು ಮಾಸ್ಕ್ ಹಾಕಲು ಕಲಿಯಿರಿ

ಮಳೆಗಾಲ ಕಳೆದು ಕಡಲು ತಣ್ಣಗಾಯಿತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಿಂದ ಮುರುಡೇಶ್ವರಕ್ಕೆ ಹೊರಡುವವರಲ್ಲಿ ಹಲವರಿಗೆ ನೇತ್ರಾಣಿಯ ಆಸೆ ಇರುತ್ತದೆ. ದಡದಿಂದ ಸುಮಾರು 19 ಕಿ.ಮೀ. ಆಚೆಗಿರುವ ಈ ದ್ವೀಪದ ಸುತ್ತ ಹವಳಗಳಿವೆ, ಬಣ್ಣದ ಮೀನುಗಳ ಹಿಂಡುಗಳಿವೆ. ಅವನ್ನು ನೋಡಲು ಕೆಲವರು ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆಯನ್ನು ಬಾಯಲ್ಲಿಟ್ಟು ನೀರಿನ ಮೇಲೆ ತೇಲುತ್ತಾರೆ (ಸ್ನಾರ್ಕೆಲಿಂಗ್), ಕೆಲವರು ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕೆ ಮುಳುಗುತ್ತಾರೆ (ಡೈವಿಂಗ್). ಅಷ್ಟು ದೂರ ಹೋಗಿ, ದುಡ್ಡು ತೆತ್ತು, ನೀರಿಗಿಳಿದ ಸ್ವಲ್ಪ ಹೊತ್ತಿಗೇ ಕೆಮ್ಮುತ್ತಾ ದೋಣಿಗೆ ಮರಳುವವರನ್ನು ಕಂಡರೆ ಸಂಕಟವಾಗುತ್ತದೆ. ಅವರಲ್ಲಿ ತುಂಗೆಯನ್ನು ಈಜಿ ದಾಟುವವರೂ ಇರುತ್ತಾರೆ. ಈಜಿನಲ್ಲಿ ಅವರಿಗೆ ಕೊರತೆಯಿಲ್ಲ. ಮೂಗನ್ನು ಮರೆತು ಬಾಯಿಂದಲೇ ಉಸಿರಾಡುವ ಅಭ್ಯಾಸವಿಲ್ಲ, ಅಷ್ಟೇ.

ಮೊದಲ ಹಂತ ಸುಲಭದ್ದು. ಮುಂಚಿತವಾಗಿ ಜಾಗ ಕಾದಿರಿಸಿ, ಹಿಂದಿನ ದಿನವೇ ಘಾಟಿ ಇಳಿದು ಮುರುಡೇಶ್ವರದಲ್ಲಿ ಉಳಿಯಿರಿ. ಗೇರುಸೊಪ್ಪೆಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದು ನೇರವಾಗಿ ದೋಣಿ ಹತ್ತಬೇಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು; ಬರಿಹೊಟ್ಟೆಯೂ ಬೇಡ. ಆರೋಗ್ಯದ ಅರ್ಜಿಯಲ್ಲಿ ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡಬೇಡಿ.

ಇನ್ನು ಮಾಸ್ಕ್, ಎಂದರೆ ಕಣ್ಣು, ಮೂಗು ಎರಡನ್ನೂ ಮುಚ್ಚುವ ಗಾಜಿನ ಮುಖಕವಚ. ದಿನ ಕೆಡುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲನೆ ಉಸಿರೆಳೆಯಿರಿ. ಕೈ ಬಿಟ್ಟರೂ ಅದು ಮುಖಕ್ಕೆ ಅಂಟಿಕೊಂಡಿದ್ದರೆ ನಿಮ್ಮ ಅಳತೆಯದು. ಜಾರಿತೇ? ಬೇರೆಯದನ್ನು ಕೇಳಿ, ಸಂಕೋಚ ಬೇಡ. ಹಲವರು ನೀರು ಒಳಬಂದ ತಕ್ಷಣ ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಾರೆ. ಅದರಿಂದ ಅಂಚು ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ, ಜೊತೆಗೆ ತಲೆನೋವು. ಬಹುಪಾಲು ಸೋರಿಕೆಗೆ ಕಾರಣ ಅಂಚಿನಡಿ ಸಿಕ್ಕಿಕೊಂಡ ಕೂದಲು ಅಥವಾ ದಪ್ಪ ಮೀಸೆ. ಮೀಸೆಯ ಮೇಲಂಚನ್ನು, ಮೂಗಿನ ಕೆಳಗೆ ಒಂದು ಎಳೆಯಷ್ಟು, ಕತ್ತರಿಸಿಕೊಂಡೇ ಬನ್ನಿ. ಅಂದು ತಲೆಗೆ ಕೊಬ್ಬರಿ ಎಣ್ಣೆ ಬೇಡ. ಹಣೆಗೆ ಇಳಿದು ಮಾಸ್ಕ್ ಜಾರುತ್ತದೆ.

ಗಾಜು ಮಂಜಾಗದಂತೆ ಒಳಗೆ ಉಗುಳು ಸವರಿ, ಒಮ್ಮೆ ಸಮುದ್ರದ ನೀರಿನಲ್ಲಿ ಅದ್ದಿ ತೆಗೆಯಿರಿ. ಅಸಹ್ಯವೆನಿಸಿದರೂ ಇದು ಕೆಲಸ ಮಾಡುತ್ತದೆ. ಹೊಸ ಮಾಸ್ಕ್ ಕೊಂಡಿದ್ದರೆ, ತಯಾರಿಕೆಯಲ್ಲಿ ಗಾಜಿನ ಮೇಲೆ ಉಳಿದ ಪೊರೆಯನ್ನು ಟೂತ್‌ಪೇಸ್ಟ್‌ನಿಂದ ಉಜ್ಜಿ ತೆಗೆದ ಮೇಲಷ್ಟೇ ಉಗುಳಿನ ಉಪಾಯ ಫಲಿಸುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್‌ಗಳನ್ನು ಮಾತ್ರ ಕೊಳ್ಳಲೇಬೇಡಿ. ಅಗ್ಗದವುಗಳಲ್ಲಿ ಬಿಟ್ಟ ಉಸಿರೇ ಮತ್ತೆ ಒಳಸೇರಬಹುದು, ಗಾಬರಿಯಾದಾಗ ಬೇಗ ಕಳಚಲು ಬರುವುದಿಲ್ಲ, ಮೂಗು ಹಿಡಿಯಲೂ ಆಗುವುದಿಲ್ಲ. ಈಜುಕೊಳದ ಕನ್ನಡಕವೂ ಬೇಡ: ಅದು ಮೂಗನ್ನು ಒಳಗೊಳ್ಳದ ಕಾರಣ, ಆಳದಲ್ಲಿ ಒತ್ತಡ ಸರಿದೂಗಿಸಲಾಗದೆ ಕಣ್ಣಿಗೆ ಪೆಟ್ಟಾಗುತ್ತದೆ.

ನೀರು ಬಂದೇ ಬರುತ್ತದೆ. ಆಗ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ಸ್ವಲ್ಪ ಮೇಲೆತ್ತಿ, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿನಿಂದ ಹೊರಹೋಗುತ್ತದೆ. ಇದನ್ನು ಸಮುದ್ರದಲ್ಲಿ ಮೊದಲ ಸಲ ಮಾಡುವುದು ಬೇಡ. ಮನೆಯ ಬಚ್ಚಲಿನಲ್ಲಿ ಬಕೆಟ್ ತುಂಬಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಮಾಸ್ಕ್ ಮತ್ತು ಸ್ನಾರ್ಕೆಲ್ ಹಾಕಿ ಮುಖ ಅದ್ದಿ, ಬಾಯಿಂದ ನಿಧಾನವಾಗಿ ಉಸಿರಾಡಿ. ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಈಜುಕೊಳದ ಆಳವಿಲ್ಲದ ಕಡೆ ಪ್ರಯತ್ನಿಸಿ. ಸ್ನಾರ್ಕೆಲ್‌ಗೆ ನೀರು ನುಗ್ಗಿದರೆ ಬಾಯಿಂದ ಒಮ್ಮೆ ಜೋರಾಗಿ ಊದಿದರಾಯಿತು.

ಸ್ನಾರ್ಕೆಲಿಂಗ್‌ನಲ್ಲಿ ಇನ್ನು ಉಳಿಯುವುದು ಕಡಿಮೆ. ಲೈಫ್ ಜಾಕೆಟ್ ಬಿಚ್ಚಬೇಡಿ. ಮೊಣಕಾಲಿನಿಂದಲ್ಲ, ಸೊಂಟದಿಂದ ಕಾಲು ಬಡಿಯಿರಿ. ಬೆನ್ನು ಸುಡದಂತೆ ಕ್ರೀಮಿನ ಬದಲು ತುಂಬುತೋಳಿನ ಅಂಗಿ ತೊಡಿ; ಹವಳಕ್ಕೂ ಅದೇ ಒಳ್ಳೆಯದು. ಹವಳ ಜೀವಿ, ಅದರ ಮೇಲೆ ಕಾಲೂರಬೇಡಿ.

ಸಿಲಿಂಡರ್ ಹೊತ್ತು ಮುಳುಗುವವರು ಕಿವಿಯ ಮಾತು ಕೇಳಬೇಕು. ಘಾಟಿ ಇಳಿಯುವಾಗ ಕಿವಿ ಕಟ್ಟುವುದು ನಮಗೆಲ್ಲ ಗೊತ್ತು. ಇಡೀ ಘಾಟಿ ಇಳಿದಾಗ ಆಗುವಷ್ಟು ಒತ್ತಡದ ಬದಲಾವಣೆ ನೀರಿನಲ್ಲಿ ಒಂದು ಮೀಟರ್ ಇಳಿಯುವುದರೊಳಗೇ ಆಗಿಬಿಡುತ್ತದೆ. 10 ಮೀಟರ್‌ನಲ್ಲಿ ಒತ್ತಡ ನೀರಿನ ಮೇಲಿನದರ ಎರಡರಷ್ಟು. ಹಾಗಾಗಿ ನೋವು ಶುರುವಾಗುವ ಮುನ್ನವೇ, ಮೊದಲ ಅಡಿಯಿಂದಲೇ, ಮೂಗು ಹಿಡಿದು ಮೆಲ್ಲನೆ ಊದುತ್ತಾ ಇಳಿಯಿರಿ. ಕಿವಿ ಬಿಡದಿದ್ದರೆ ಬಲವಂತವಾಗಿ ಊದದೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಿ. ನೆಗಡಿಯಾಗಿದ್ದರೆ ಡೈವಿಂಗ್ ಬಿಟ್ಟೇಬಿಡಿ. ಉಸಿರನ್ನು ಎಂದೂ ಕಟ್ಟಬೇಡಿ. ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಕಟ್ಟಿದ ಉಸಿರು ಶ್ವಾಸಕೋಶವನ್ನೇ ಹರಿಯಬಲ್ಲದು.

ಸನ್ನೆಗಳಲ್ಲಿ ಒಂದನ್ನಂತೂ ನೆನಪಿಡಿ: ಹೆಬ್ಬೆರಳು ಮೇಲೆತ್ತಿದರೆ ‘ನನ್ನನ್ನು ಮೇಲೆ ಕರೆದೊಯ್ಯಿರಿ’ ಎಂದರ್ಥ. ಖುಷಿಯಿಂದ ಹೆಬ್ಬೆರಳು ತೋರಿಸಿ ಮೇಲೆ ಬಂದವರಿದ್ದಾರೆ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿ.

ಮುಗಿದ ಮೇಲೆ ಧಾರಾಳವಾಗಿ ನೀರು ಕುಡಿಯಿರಿ. ಸಿಲಿಂಡರ್ ಹೊತ್ತು ಮುಳುಗಿದವರು ಬೇಗನೆ ಎತ್ತರಕ್ಕೇರಿದರೆ, ದೇಹದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ತೊಂದರೆ ಕೊಡಬಹುದು. ವಿಮಾನ ಹತ್ತುವವರು, ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯಬೇಕು. ನಮ್ಮ ಘಾಟಿಯ ಎತ್ತರ ಅಷ್ಟಲ್ಲ. ಹೊಸಬರ ಒಂದು ಆಳವಿಲ್ಲದ ಮುಳುಗಿಗೆ ಅಪಾಯ ಕಡಿಮೆ. ಆದರೂ ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ ಎನ್ನುತ್ತೇನೆ. ಎರಡು ಮೂರು ಸಲ ಆಳಕ್ಕಿಳಿದವರು ತರಬೇತುದಾರರನ್ನು ಕೇಳಿಯೇ ಘಾಟಿ ಹತ್ತಿ. ಕೀಲುನೋವು, ಜೋಮು, ತಲೆಸುತ್ತು ಕಂಡರೆ ಹೊರಡಲೇಬೇಡಿ. ವೈದ್ಯರ ಬಳಿ ಹೋದ ಕೂಡಲೇ ಡೈವಿಂಗ್ ಮಾಡಿದ್ದನ್ನು ಹೇಳಿ.