ವೈರ್ ಕಾಯಿಲನ್ನು ತಕ್ಕಡಿಗೆ ಹಾಕಿ ನೋಡಿ

ಕೋಲಾರದಲ್ಲಿ ನಾವು ಮನೆ ಕಟ್ಟಿಸುವಾಗ ಬಾತ್‌ರೂಮ್ ಟೈಲ್ಸ್ ಆರಿಸಲು ನಾಲ್ಕು ದಿನ ಸುತ್ತಿದ್ದೆವು. ವೈರಿಗೆ ಹತ್ತು ನಿಮಿಷವೂ ಕೊಡಲಿಲ್ಲ. ಮೂರನೇ ವರ್ಷಕ್ಕೆ ಗೀಸರ್ ಪ್ಲಗ್ ಕರ್ರಗಾಯಿತು. ಸಾಕೆಟ್ ಬಿಚ್ಚಿದರೆ ವೈರಿನ ಹೊದಿಕೆ ಬೆಲ್ಲದ ಪಾಕದ ಹಾಗೆ ಕರಗಿ ಅಂಟಿಕೊಂಡಿತ್ತು. ಮೇನ್ ಆಫ್ ಮಾಡಿ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ವೈರ್ ಹೋಗುವ ಪೈಪಿನೊಳಗೆ ಸಿಮೆಂಟ್ ಹೊಕ್ಕಿತ್ತು, ಹೊಸ ವೈರ್ ಹೋಗಲಿಲ್ಲ. ಆ ನಾಲ್ಕು ದಿನದ ಟೈಲ್ಸನ್ನೇ ಒಡೆಯಬೇಕಾಯಿತು.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದ ಜಿಲ್ಲೆ ನಮ್ಮದು. ಆದರೂ ಗೋಡೆಯೊಳಗೆ ಏನು ಹೋಗುತ್ತಿದೆ ಅಂತ ನೋಡುವವರು ಕಡಿಮೆ. ನೀವು ನೋಡಿ.

ಮೊದಲು ಒಂದು ಹಾಳೆ ತಗೊಂಡು ಕೋಣೆ ಕೋಣೆಯ ಪಾಯಿಂಟ್ ಬರೆಯಿರಿ. ಲೈಟು, ಫ್ಯಾನಿಗೆ 1.5 ಚದರ ಮಿಲಿಮೀಟರ್ (ಒಳಗಿನ ತಾಮ್ರದ ದಪ್ಪದ ಅಳತೆ) ವೈರ್ ಧಾರಾಳ. 16 ಆಂಪಿಯರ್ ಪ್ಲಗ್‌ಗಳಿಗೆ 2.5. ಎಸಿಗೆ 4 ಹಾಕಿಸುವುದು ಒಳ್ಳೆಯದು. ನಮ್ಮ 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್. ಒಳ್ಳೆಯ ತಾಮ್ರಕ್ಕೆ ಅದೇನೂ ಭಾರವಲ್ಲ. ಹಳೇ ಮೇಸ್ತ್ರಿಗಳು 3/20 ಅಂದರೆ ಗಾಬರಿ ಬೇಡ. 20ನೇ ಗೇಜಿನ ಮೂರು ಎಳೆ ಅಂತ ಅರ್ಥ, ಹತ್ತಿರ ಹತ್ತಿರ 2 ಚದರ ಮಿಲಿಮೀಟರ್.

ಈಗ ಅಂಗಡಿಗೆ ಹೋಗಿ. ಇಲ್ಲಿ ಅವಸರ ಬೇಡ. ವೈರಿನ ಮೇಲೆ ಐಎಸ್‌ಐ ಗುರುತು, ಐಎಸ್ 694 ಅನ್ನೋ ಮಾನದಂಡದ ನಂಬರ್ ಇರಬೇಕು. ಅಷ್ಟಕ್ಕೇ ನಂಬಬೇಡಿ, ಅಚ್ಚು ಯಾರು ಬೇಕಾದರೂ ಹಾಕಬಹುದು. ಕಾಯಿಲನ್ನು ತಕ್ಕಡಿಗೆ ಹಾಕಿಸಿ. 90 ಮೀಟರಿನ 2.5 ಕಾಯಿಲಿನಲ್ಲಿ ತಾಮ್ರವೇ 2 ಕಿಲೋ ಇರುತ್ತದೆ. 1.5 ಕಾಯಿಲಿನಲ್ಲಿ ಸುಮಾರು 1 ಕಿಲೋ 200 ಗ್ರಾಂ. ಹೊದಿಕೆಯ ತೂಕ ಬೇರೆ. 2.5 ಕಾಯಿಲ್ ಹೊದಿಕೆ ಸಮೇತ 2 ಕಿಲೋ ತೂಗದಿದ್ದರೆ ಒಂದೋ ವೈರ್ ಸಣ್ಣದು, ಇಲ್ಲ ಉದ್ದ ಕಡಿಮೆ, ಇಲ್ಲ ಒಳಗಿರುವುದು ತಾಮ್ರವೇ ಅಲ್ಲ. ಆಮೇಲೆ ತುದಿಯಲ್ಲಿ ಒಂದಿಂಚು ಸುಲಿಸಿ, ಬ್ಲೇಡಿನಲ್ಲಿ ಕೆರೆಯಿರಿ. ಎಷ್ಟು ಕೆರೆದರೂ ಕೆಂಪೇ ಇರಬೇಕು. ಅಂಗಡಿಯವರು ಬೇಡ ಅಂದರೆ ಬೇರೆ ಅಂಗಡಿ ನೋಡಿ.

ಇಷ್ಟೊಂದು ಯಾಕೆ ಅಂದರೆ, ತಾಮ್ರ ನೂರು ಭಾಗ ಕರೆಂಟ್ ಒಯ್ಯುವಲ್ಲಿ ಅಷ್ಟೇ ದಪ್ಪದ ಅಲ್ಯೂಮಿನಿಯಂ ಒಯ್ಯುವುದು 61 ಭಾಗ. ಜೊತೆಗೆ ಸ್ಕ್ರೂ ಕೆಳಗೆ ಅದು ನಿಧಾನವಾಗಿ ನಲುಗಿ ಸಡಿಲವಾಗುತ್ತದೆ. ಸಡಿಲವಾದಲ್ಲಿ ಬಿಸಿ. ನಮ್ಮ ಪ್ಲಗ್ ಸುಟ್ಟಿದ್ದು ಹೀಗೇ.

ಮೋಲ್ಡ್ ಹಾಕುವ ಮೊದಲು ಪೈಪುಗಳ ಬಾಯಿಗೆ ಗಟ್ಟಿಯಾಗಿ ಮುಚ್ಚಳ ಹಾಕಿಸಿ. ಪ್ಲಾಸ್ಟರಿಂಗ್‌ಗೆ ಮುಂಚೆ ಎಲ್ಲ ಗೋಡೆಯ ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಪೈಪಿನೊಳಗೆ ಅರ್ಧದಷ್ಟಾದರೂ ಜಾಗ ಖಾಲಿ ಇರಲಿ. ತುರುಕಿದರೆ ಎಳೆಯುವಾಗಲೇ ಹೊದಿಕೆ ಕೆರೆದು ಹೋಗುತ್ತದೆ.

ವೈರ್ ಎಳೆಯುವ ದಿನ ಮನೆಯಲ್ಲೇ ಇರಿ. ಫೇಸ್‌ಗೆ ಕೆಂಪು, ಹಳದಿ ಇಲ್ಲವೇ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ತ್‌ಗೆ ಹಸಿರು. ಹಸಿರು ಮುಗಿಯಿತು ಅಂತ ಬೇರೆ ಬಣ್ಣ ಎಳೆಯಲು ಬಿಡಬೇಡಿ. ಪೈಪಿನೊಳಗೆ ಜಾಯಿಂಟ್ ಬೇಡವೇ ಬೇಡ, ಟೇಪ್ ಎಷ್ಟೇ ಸುತ್ತಿದರೂ ಬೇಡ. ಜಾಯಿಂಟ್ ಇದ್ದರೆ ಬಿಚ್ಚಿ ನೋಡಲು ಸಿಗುವ ಬಾಕ್ಸಿನಲ್ಲೇ ಇರಲಿ. ಈ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರನ್ನೇ ಹಿಡಿಯಿರಿ.

ಕರೆಂಟ್ ಕೊಡುವ ಮೊದಲು 500 ವೋಲ್ಟ್ ಮೆಗ್ಗರ್ (ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಅಂತ ಅಳೆಯುವ ಮೀಟರ್) ಹಾಕಿ ಪರೀಕ್ಷೆ ಮಾಡಿಸಿ. ಕನಿಷ್ಠ 1 ಮೆಗಾ ಓಮ್ ಬರಬೇಕು, ಹೊಸ ವೈರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಜೊತೆ, ಕರೆಂಟ್ ಸೋರಿದರೆ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನೆಮಂದಿಯನ್ನು.

ಇನ್ನು ಅರ್ತ್. ನಮ್ಮ ಕಡೆ ನೆಲ ಒಣಗಿದ್ದು, ಕೆಳಗೆ ಬಂಡೆ. ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಪೂರ್ತಿ ಇಳಿಯಬೇಕು. ಬಂಡೆ ಸಿಕ್ಕಿತು ಅಂತ ಅರ್ಧಕ್ಕೇ ಕತ್ತರಿಸಲು ಬಿಡಬೇಡಿ, ಜಾಗ ಬದಲಿಸಿ ಇನ್ನೊಂದು ಗುಂಡಿ ತೋಡಿಸಿ. ಸುತ್ತ ಇದ್ದಿಲು, ಉಪ್ಪು ತುಂಬಿಸಿ, ನೀರು ಹಾಕಲು ಮೇಲೆ ಬಾಯಿ ಬಿಡಿಸಿ. ಒಣಮಣ್ಣಿನಲ್ಲಿ ಅರ್ತ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಮ್ಮಮ್ಮ ಶಿವರಾತ್ರಿ ಕಳೆದ ಮೇಲೆ ಮಳೆ ಬರುವ ತನಕ ವಾರಕ್ಕೊಮ್ಮೆ ಅಲ್ಲಿಗೆ ಎರಡು ಕೊಡ ನೀರು ಹಾಕುತ್ತಾರೆ, ತುಳಸಿ ಗಿಡಕ್ಕೆ ಹಾಕಿದ ಕೈಯಲ್ಲೇ.