‘ಮಗು ಒಂದು ವಾರ ಸಣ್ಣ’ ಎಂದು ರಿಪೋರ್ಟ್ ಬಂದಾಗ ನಾನು ಲೆಕ್ಕ ಹಾಕುವ ಬಗೆ

ಎಂಟು ವಾರವೆಂದು ಲೆಕ್ಕ ಹಾಕಿಕೊಂಡು ಬಂದವರ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಏಳು ವಾರ’ ಎಂದು ಬಂದರೆ ಮನೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಮಗು ಬೆಳೀತಿಲ್ವಾ ಮೇಡಂ?’ ಆ ಒಂದು ಸ್ಕ್ಯಾನಿನಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. ಬೆಳವಣಿಗೆ ತಿಳಿಯಬೇಕಾದರೆ ಎರಡು ಅಳತೆ ಬೇಕು. ಒಂದೇ ಅಳತೆಯಿಂದ ಗೊತ್ತಾಗುವುದು ಗರ್ಭಕ್ಕೆ ಇಂದಿಗೆ ಸುಮಾರು ಎಷ್ಟು ದಿನ ಎಂಬುದಷ್ಟೇ, ಅದರಲ್ಲೂ ನಾಲ್ಕೈದು ದಿನ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆದ್ದರಿಂದ ಪ್ರೋಬ್ (ಸ್ಕ್ಯಾನ್ ಯಂತ್ರದ ಹಿಡಿ) ಹಿಡಿಯುವ ಮೊದಲು ನಾನು ಮುಟ್ಟಿನ ತಾರೀಕನ್ನು ಜಾಲಾಡುತ್ತೇನೆ.

ನಮ್ಮ ವಾರದ ಲೆಕ್ಕವೆಲ್ಲ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರು. ಚಕ್ರ 28 ದಿನದ್ದು, ಅಂಡ ಬಿಡುಗಡೆ 14ನೇ ದಿನ ಎಂದು ಮೊದಲೇ ಒಪ್ಪಿಕೊಂಡು ಹಾಕಿದ ಲೆಕ್ಕ ಅದು. 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದು ಸುಮಾರು 21ನೇ ದಿನ. ಅಂಥವರ ಮಗು ಸರಿಯಾಗಿಯೇ ಬೆಳೆದಿದ್ದರೂ ಕಾಗದದ ಮೇಲೆ ಒಂದು ವಾರ ಸಣ್ಣ. ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗುವ ಪಿಸಿಓಡಿ ಇರುವವರು, ಗರ್ಭನಿರೋಧಕ ಮಾತ್ರೆ ಈಗಷ್ಟೇ ಬಿಟ್ಟವರು, ಮೊದಲ ಮಗುವಿಗೆ ಹಾಲೂಡಿಸುತ್ತಿರುವಾಗಲೇ ಗರ್ಭಿಣಿಯಾದವರು — ಇವರ ಮುಟ್ಟಿನ ತಾರೀಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

‘ಯಾವತ್ತು ಮುಟ್ಟಾದದ್ದು?’ ಎಂದು ನೇರವಾಗಿ ಕೇಳಿದರೆ ಬಹುತೇಕ ‘ಒಂದನೇ ತಾರೀಕು’, ‘ಹತ್ತು’, ‘ಹದಿನೈದು’ ಎಂಬ ದುಂಡಗಿನ ಉತ್ತರವೇ ಬರುತ್ತದೆ. ಇದನ್ನು ನಂಬಿ ಯಂತ್ರಕ್ಕೆ ಹಾಕಿದರೆ ಅರ್ಧ ಗಾಬರಿ ಅಲ್ಲೇ ಹುಟ್ಟಿತು. ಕೊಡಗಿನಲ್ಲಿ ಹಬ್ಬ ಹಿಡಿದು ಕೇಳುವುದು ಮೇಲು. ಕಕ್ಕಡ ಹದಿನೆಂಟು ಆಗಸ್ಟ್ 3ಕ್ಕೆ, ಕೈಲ್ ಮುಹೂರ್ತ ಸೆಪ್ಟೆಂಬರ್ 3ರ ಆಸುಪಾಸು, ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ 17ರ ಹೊತ್ತಿಗೆ. ಹಬ್ಬದ ದಿನ ಮುಟ್ಟಾಗಿ ಒಳಗೆ ಬಾರದೆ ಕೂತದ್ದನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಹುತ್ತರಿ ಮಾತ್ರ ಹುಣ್ಣಿಮೆ ನೋಡಿ ಬರುವ ಹಬ್ಬ, ಆ ವರ್ಷದ ಕ್ಯಾಲೆಂಡರ್ ತೆಗೆದೇ ನೋಡಬೇಕು. ತೋಟದ ಲೈನ್ ಮನೆಗಳಿಂದ ಬರುವವರನ್ನು ಬಟವಾಡೆಗೆ ಮೊದಲೋ ಆಮೇಲೋ ಎಂದು ಕೇಳುತ್ತೇನೆ. ಜೊತೆಗೆ ಇನ್ನೊಂದು: ಅದರ ಹಿಂದಿನ ಮುಟ್ಟು ಯಾವಾಗ ಆಗಿತ್ತು? ಈ ಎರಡು ತಾರೀಕುಗಳ ಅಂತರವೇ ಚಕ್ರದ ಉದ್ದ. ಇದನ್ನು ಕೇಳದೆ ‘ಮುಟ್ಟು ರೆಗ್ಯುಲರ್’ ಎಂದು ಬರೆದುಕೊಂಡರೆ ಏನೂ ಪ್ರಯೋಜನವಿಲ್ಲ. 35 ದಿನಕ್ಕೆ ತಪ್ಪದೆ ಬರುವುದೂ ರೆಗ್ಯುಲರ್ರೇ.

ಲೆಕ್ಕ ಹೀಗೆ ಹೋಗುತ್ತದೆ. ಮುಟ್ಟಾದದ್ದು ಸೆಪ್ಟೆಂಬರ್ 4, ಸ್ಕ್ಯಾನ್ ಅಕ್ಟೋಬರ್ 30 ಎಂದುಕೊಳ್ಳಿ. 56 ದಿನ, ಅಂದರೆ ಸರಿಯಾಗಿ ಎಂಟು ವಾರ. ಭ್ರೂಣದ ಉದ್ದ, ಅಂದರೆ ಸಿಆರ್‌ಎಲ್, 16 ಮಿಲಿಮೀಟರ್ ಹತ್ತಿರ ಇರಬೇಕು. ಸಿಕ್ಕಿದ್ದು 9. ಆರರಿಂದ ಒಂಬತ್ತು ವಾರದವರೆಗೆ ಭ್ರೂಣ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಿಲಿಮೀಟರಿಗೆ 42 ಕೂಡಿಸಿದರೆ ದಿನಗಳು ಎಂಬ, ಒಂದೆರಡು ದಿನ ಹೆಚ್ಚುಕಮ್ಮಿ ಬರುವ ಬಾಯಿಲೆಕ್ಕದಲ್ಲಿ 9 ಮಿಲಿಮೀಟರ್ ಎಂದರೆ 51 ದಿನ, ಏಳು ವಾರದ ಮೇಲೆ ಒಂದೆರಡು ದಿನ. ಚಕ್ರ 35 ದಿನದ್ದಾದರೆ ಇದು ಪೂರ್ತಿ ಸರಿಹೊಂದುತ್ತದೆ, ಮಗು ಸಣ್ಣದಲ್ಲ.

ಅಷ್ಟಕ್ಕೇ ಸಮಾಧಾನ ಹೇಳಿ ಕಳುಹಿಸಬಾರದು. ಇಲ್ಲಿ ಇನ್ನೊಂದು ತಾರೀಕು ಬೇಕು, ಮೂತ್ರ ಪರೀಕ್ಷೆ ಪಾಸಿಟಿವ್ ಬಂದ ದಿನ. ಆಶಾ ಕಾರ್ಯಕರ್ತೆ ನಿಶ್ಚಯ್ ಕಿಟ್‌ನಲ್ಲಿ ನೋಡಿದ್ದರೆ ಅವರ ಪುಸ್ತಕದಲ್ಲಿ ಸಿಗುತ್ತದೆ. ಮನೆಯಲ್ಲೇ ನೋಡಿಕೊಂಡವರು ಮೊಬೈಲಿನಲ್ಲಿ ಫೋಟೋ ಇಟ್ಟಿರುತ್ತಾರೆ, ಅದರಲ್ಲಿ ತಾರೀಕೂ ಇರುತ್ತದೆ. ಎರಡನೇ ಗೆರೆ ಗಾಢವಾಗಿ ಮೂಡಿದ್ದರೆ ಅಂಡ ಬಿಡುಗಡೆಯಾಗಿ ಆಗಲೇ ಸುಮಾರು ಎರಡು ವಾರ ಆಗಿದೆ ಎಂದು ಅರ್ಥ. ಮೇಲಿನ ಲೆಕ್ಕದಲ್ಲೇ ಅಕ್ಟೋಬರ್ 3ಕ್ಕೆ ಗಾಢ ಗೆರೆ ಬಂದಿತ್ತು ಎನ್ನಿ. ಅಂಡ ಬಿಡುಗಡೆ ಸೆಪ್ಟೆಂಬರ್ 19ರ ಆಸುಪಾಸು ಆಗಿರಬೇಕು, 30ರ ಸ್ಕ್ಯಾನಿನಲ್ಲಿ 14–15 ಮಿಲಿಮೀಟರ್ ಕಾಣಬೇಕಿತ್ತು. ಆಗ 9 ಮಿಲಿಮೀಟರಿಗೆ ಚಕ್ರದ ಉದ್ದದ ಸಬೂಬು ಸಾಲದು, ಆ ಗರ್ಭದ ಮೇಲೆ ಕಣ್ಣಿಡಬೇಕು. ರಿಪೋರ್ಟಿನ ಎಲ್ಲ ಅಂಕಿಗಳಿಗಿಂತ ಈ ಒಂದು ತಾರೀಕು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಐವಿಎಫ್ ಆದವರಲ್ಲಿ ಈ ಜಗ್ಗಾಟವೇ ಇಲ್ಲ: ಐದನೇ ದಿನದ ಭ್ರೂಣ ಒಳಗಿಟ್ಟ ದಿನವನ್ನು ಎರಡು ವಾರ ಐದು ದಿನ ಎಂದು ಹಿಡಿಯಬೇಕು. ಅವರಲ್ಲಿ ಮಗು ವಾರಗಟ್ಟಲೆ ಹಿಂದೆ ಬಿದ್ದರೆ ತಾರೀಕಿನ ಮೇಲೆ ಹೊರಿಸುವಂತಿಲ್ಲ.

ಇನ್ನು ಅಳತೆ. ಒಂಬತ್ತು ವಾರದೊಳಗೆ ಸಣ್ಣ ಎಂಬ ಅನುಮಾನ ಬಂದರೆ ಹೊಟ್ಟೆಯ ಮೇಲಿನಿಂದ ನೋಡಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂತ್ರ ಖಾಲಿ ಮಾಡಿಸಿ ಒಳಗಿನಿಂದ, ಅಂದರೆ ಯೋನಿಯ ಮೂಲಕ ನೋಡುವ ಟಿವಿಎಸ್ ಮಾಡುತ್ತೇನೆ. ಇದರಿಂದ ಗರ್ಭಕ್ಕೆ ತೊಂದರೆ ಇಲ್ಲ. ಹೊಟ್ಟೆಯ ಸ್ಕ್ಯಾನಿಗಿಂತ ಸುಮಾರು ಒಂದು ವಾರ ಮೊದಲೇ ಎಲ್ಲವೂ ಕಾಣುತ್ತದೆ: ಐದು ವಾರದ ಹೊತ್ತಿಗೆ ಗರ್ಭದ ಚೀಲ, ಐದೂವರೆಗೆ ಅದರೊಳಗೆ ಭ್ರೂಣಕ್ಕೆ ಅಂಟಿದ ಪುಟ್ಟ ಚೀಲವಾದ ಯೋಕ್ ಸ್ಯಾಕ್, ಆರಕ್ಕೆ ಹೃದಯದ ಮಿಡಿತ. ಗರ್ಭಕೋಶ ಹಿಂದಕ್ಕೆ ಬಾಗಿದ್ದರೆ, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ದರೆ ಹೊಟ್ಟೆಯ ಸ್ಕ್ಯಾನ್ ಇನ್ನೂ ಮೋಸ ಮಾಡುತ್ತದೆ.

ಭ್ರೂಣದ ಅತಿ ಉದ್ದದ ಗೆರೆ ಸಿಗುವವರೆಗೆ ಪ್ರೋಬ್ ತಿರುಗಿಸಿ, ಚಿತ್ರ ದೊಡ್ಡದು ಮಾಡಿ, ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಓರೆಯಾಗಿ ಕೊಯ್ದಂತೆ ಬಂದ ಚಿತ್ರದಲ್ಲಿ ಭ್ರೂಣ ಗಿಡ್ಡವಾಗಿಯೇ ಕಾಣುತ್ತದೆ, ಮುದುರಿ ಮಲಗಿದ್ದರೂ ಹಾಗೆಯೇ. ಯೋಕ್ ಸ್ಯಾಕನ್ನೂ ಸೇರಿಸಿ ಅಳೆದರೆ ಉಲ್ಟಾ, ದೊಡ್ಡದಾಗಿ ಬರುತ್ತದೆ; ಮುಂದಿನ ಸಲ ಸರಿಯಾಗಿ ಅಳೆದವರಿಗೆ ಮಗು ಬೆಳೆದೇ ಇಲ್ಲ ಎನಿಸುತ್ತದೆ. ಈ ಹಂತದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಒಂದು ದಿನ ತಪ್ಪಿದಂತೆ. ಸ್ಕ್ಯಾನ್ ಕೊಠಡಿಯಲ್ಲಿ ಹಿಂದಿನ ರೋಗಿಯ ಮುಟ್ಟಿನ ತಾರೀಕು ಯಂತ್ರದಲ್ಲೇ ಉಳಿದುಬಿಡುವುದೂ ಉಂಟು, ಅದಕ್ಕೇ ರಿಪೋರ್ಟಿನ ತಲೆಯಲ್ಲಿರುವ ತಾರೀಕನ್ನು ಮೊದಲು ಓದಿ. ಮಿಡಿತ ಎಣಿಸಲು ಅದನ್ನು ಗೆರೆಯಾಗಿ ತೋರಿಸುವ ಎಂ-ಮೋಡ್ ಸಾಕು. ಲಬ್‌ಡಬ್ ಕೇಳಿಸಿ ಎಂದು ಒತ್ತಾಯಿಸಿದರೂ ಇಷ್ಟು ಬೇಗ ಮಿಡಿತದ ಸದ್ದು ಕೇಳಿಸುವ ಡಾಪ್ಲರ್ ಹಚ್ಚುವುದಿಲ್ಲ, ಅದರ ಶಾಖ ಭ್ರೂಣಕ್ಕೆ ಬೇಡ.

ಮಿಡಿತ ಕಂಡರೆ ಅರ್ಧ ಭಾರ ಇಳಿದ ಹಾಗೆ. ಏಳು ವಾರದ ಹೊತ್ತಿಗೆ ನಿಮಿಷಕ್ಕೆ 120ರ ಮೇಲಿದ್ದರೆ ನೆಮ್ಮದಿ, 90ಕ್ಕಿಂತ ಕೆಳಗಿದ್ದರೆ ಆ ಗರ್ಭ ಉಳಿಯುವುದು ಕಷ್ಟ. ಕಾಣದಿದ್ದರೂ ತೀರ್ಪು ಕೊಡಲು ಗೆರೆಗಳಿವೆ. ಟಿವಿಎಸ್‌ನಲ್ಲಿ ಭ್ರೂಣ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಮಿಡಿತ ಇಲ್ಲದಿದ್ದರೆ, ಅಥವಾ ಚೀಲದ ಸರಾಸರಿ ವ್ಯಾಸ 25 ಮಿಲಿಮೀಟರ್ ಮುಟ್ಟಿಯೂ ಭ್ರೂಣವೇ ಇಲ್ಲದಿದ್ದರೆ ಗರ್ಭ ನಿಂತುಹೋಗಿದೆ. ಅದಕ್ಕಿಂತ ಕಮ್ಮಿ ಇದ್ದರೆ ಯಾರೇ ಆಗಲಿ ‘ಕ್ಲೀನ್ ಮಾಡಿಸಿಬಿಡಿ’ ಎಂದರೆ ಒಪ್ಪಬೇಡಿ, ಎರಡನೇ ಸ್ಕ್ಯಾನ್ ಕೇಳಿ. ಮಿಡಿತ ಇದ್ದೂ ಕಳವಳ ಹುಟ್ಟಿಸುವ ಗುರುತು ಎರಡು: ಚೀಲ ಭ್ರೂಣಕ್ಕೆ ಅಂಟಿಕೊಂಡಂತೆ ಇಕ್ಕಟ್ಟಾಗಿರುವುದು — ಚೀಲದ ವ್ಯಾಸದಿಂದ ಭ್ರೂಣದ ಉದ್ದ ಕಳೆದರೆ 5 ಮಿಲಿಮೀಟರಿಗಿಂತ ಕಮ್ಮಿ ಉಳಿಯುವುದು — ಮತ್ತು ಯೋಕ್ ಸ್ಯಾಕ್ 6–7 ಮಿಲಿಮೀಟರ್ ದಾಟಿ ಊದಿಕೊಂಡಿರುವುದು.

ಎರಡನೇ ಸ್ಕ್ಯಾನ್ ಯಾವಾಗ? ಮೂರು ದಿನಕ್ಕೇ ಓಡಿಬರುತ್ತಾರೆ. ಮೂರು ದಿನದ ಬೆಳವಣಿಗೆ ಮೂರು ಮಿಲಿಮೀಟರ್, ಅಳತೆಯ ತಪ್ಪೇ ಒಂದೆರಡು ಮಿಲಿಮೀಟರ್. ಏನೂ ತಿಳಿಯದೆ ಗಾಬರಿ ಮಾತ್ರ ದುಪ್ಪಟ್ಟಾಗುತ್ತದೆ. ನಾನು ಹತ್ತರಿಂದ ಹದಿನಾಲ್ಕು ದಿನ ಬಿಡುತ್ತೇನೆ, ಆದಷ್ಟು ಅದೇ ಯಂತ್ರ, ಅದೇ ಕೈ. ಅಕ್ಟೋಬರ್ 30ಕ್ಕೆ 9 ಮಿಲಿಮೀಟರ್ ಇದ್ದದ್ದು ನವೆಂಬರ್ 9ಕ್ಕೆ 18–20 ಮಿಲಿಮೀಟರ್ ಆಗಿರಬೇಕು. 12 ಮಿಲಿಮೀಟರಿಗೇ ನಿಂತಿದ್ದರೆ ಅದು ನಿಜವಾದ ಕುಂಠಿತ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ರಸ್ತೆ ಮೇಲೆ ನೀರು ಬಂದರೆ ಎರಡು ವಾರವೇ ಇರಲಿ, ಅವಸರವಿಲ್ಲ.

ಆದರೆ ಈ ಮಾತು ಗರ್ಭಕೋಶದ ಒಳಗೆ ಯೋಕ್ ಸ್ಯಾಕ್ ಕಂಡವರಿಗೆ ಮಾತ್ರ. ಒಳಗೆ ಏನೂ ಸ್ಪಷ್ಟವಾಗಿ ಕಾಣದೆ ಪರೀಕ್ಷೆ ಮಾತ್ರ ಪಾಸಿಟಿವ್ ಇದ್ದರೆ ಗರ್ಭ ನಳಿಕೆಯಲ್ಲಿ ಕೂತಿರಬಹುದು. ಅಂಥವರನ್ನು ದೂರದ ಊರಿಗೆ ವಾಪಸ್ ಕಳುಹಿಸದೆ ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ನೆಂಟರ ಮನೆಯಲ್ಲಾದರೂ ಇರಿಸಿ, 48 ಗಂಟೆ ಅಂತರದಲ್ಲಿ ಎರಡು ಸಲ ರಕ್ತದಲ್ಲಿ ಗರ್ಭದ ಹಾರ್ಮೋನು, ಅಂದರೆ ಬೀಟಾ ಎಚ್‌ಸಿಜಿ ನೋಡುತ್ತೇನೆ. ಒಂದು ಪಕ್ಕದ ಹೊಟ್ಟೆನೋವು, ಭುಜದ ತುದಿಯ ನೋವು, ತಲೆಸುತ್ತಿ ಬೀಳುವುದು — ಯಾವುದೇ ಒಂದಾದರೂ ರಾತ್ರಿಯೇ ಆಸ್ಪತ್ರೆ ಸೇರಬೇಕು. ಆದರೆ ಮಿಡಿತ ಕಂಡ ಮೇಲೆ ಎಚ್‌ಸಿಜಿ ದುಡ್ಡು ದಂಡ.

ಔಷಧಿಯ ವಿಷಯ ಬೇಗ ಮುಗಿಯುತ್ತದೆ. ಸಣ್ಣ ಭ್ರೂಣವನ್ನು ದೊಡ್ಡದು ಮಾಡುವ ಮಾತ್ರೆ ಇಲ್ಲ. ಪ್ರೊಜೆಸ್ಟರಾನ್ ಹಾರ್ಮೋನು ಉಪಯೋಗಕ್ಕೆ ಬರುವುದು ಹಿಂದೆ ಗರ್ಭಪಾತವಾಗಿ ಈಗ ರಕ್ತ ಕಾಣುತ್ತಿರುವವರಿಗೆ. ಹಾಸಿಗೆ ಹಿಡಿದು ಮಲಗಿದರೆ ಪ್ರಯೋಜನವಿಲ್ಲ. ವಾಂತಿಯಿಂದ ಊಟ ಸೇರದೇ ಇದ್ದದ್ದಕ್ಕೆ ಮಗು ಸಣ್ಣ ಆಯಿತೆಂದು ಅತ್ತೆ ಹೇಳಿದರೆ ಅದೂ ತಪ್ಪು. ಈ ಹಂತದ ಬೆಳವಣಿಗೆಗೆ ತಾಯಿಯ ತಟ್ಟೆ ಕಾರಣವಲ್ಲ. ನಿಜವಾಗಿ ಹಿಂದೆ ಬಿದ್ದವುಗಳಲ್ಲಿ ಸಾಮಾನ್ಯ ಕಾರಣ ಕ್ರೋಮೋಸೋಮಿನ ದೋಷ, ಹೆಚ್ಚಾಗಿ 18ನೇ ಕ್ರೋಮೋಸೋಮ್ ಎರಡರ ಬದಲು ಮೂರಾಗಿರುವುದು ಅಥವಾ ಟ್ರಿಪ್ಲಾಯ್ಡಿ, ಅಂದರೆ ಎಲ್ಲ ಕ್ರೋಮೋಸೋಮುಗಳೂ ಮೂರು ಮೂರು ಇರುವುದು. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಮುಂದುವರಿಯಲಿ.

ಎರಡನೇ ಸ್ಕ್ಯಾನ್ ಚೆನ್ನಾಗಿ ಬಂದರೆ ಹೆರಿಗೆಯ ದಿನಾಂಕ ಬದಲಿಸುವ ಕೆಲಸ ಉಳಿಯುತ್ತದೆ. ಒಂಬತ್ತು ವಾರದೊಳಗೆ ಐದು ದಿನಕ್ಕಿಂತ ಹೆಚ್ಚು, ಒಂಬತ್ತರಿಂದ ಹದಿನಾಲ್ಕು ವಾರದೊಳಗೆ ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಕ್ಯಾನಿನ ತಾರೀಕೇ ಇನ್ನು ಮುಂದೆ ಆಧಾರ. ವ್ಯತ್ಯಾಸ ತೆಗೆಯುವುದು ಮೊದಲ ಸ್ಕ್ಯಾನಿನ ಅಳತೆಯಿಂದಲೇ. ಯಂತ್ರದ ಪಟ್ಟಿಯಲ್ಲಿ 9 ಮಿಲಿಮೀಟರ್ ಎಂದರೆ ಸುಮಾರು ಏಳು ವಾರ, ಬಾಯಿಲೆಕ್ಕಕ್ಕಿಂತ ಒಂದೆರಡು ದಿನ ಕಮ್ಮಿ; ಹಾಗಾಗಿ ಮೇಲಿನ ಉದಾಹರಣೆಯಲ್ಲಿ ಜೂನ್ 11 ಇದ್ದದ್ದು ಜೂನ್ 17–18ಕ್ಕೆ ಹೋಗುತ್ತದೆ. ತಾಯಿ ಕಾರ್ಡಿನಲ್ಲಿ ಹಳೆಯದನ್ನು ಹೊಡೆದು ಹೊಸದನ್ನು ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಸ್ಕ್ಯಾನ್ ದಿನಾಂಕ ಮತ್ತು ಸಿಆರ್‌ಎಲ್ ಹಾಕುತ್ತೇನೆ. ಎನ್‌ಟಿ (ಮಗುವಿನ ಕುತ್ತಿಗೆಯ ಹಿಂದಿನ ದ್ರವದ ಪದರ ಅಳೆಯುವ) ಸ್ಕ್ಯಾನಿಗೂ ಹೊಸ ಲೆಕ್ಕವೇ, ಇಲ್ಲದಿದ್ದರೆ ಸಿಆರ್‌ಎಲ್ 45 ಮಿಲಿಮೀಟರ್ ಮುಟ್ಟುವ ಮೊದಲೇ ಬಂದು ಸುಮ್ಮನೆ ವಾಪಸ್ ಹೋಗಬೇಕಾಗುತ್ತದೆ. ಐದನೇ ತಿಂಗಳಲ್ಲಿ, ಎಂಟನೇ ತಿಂಗಳಲ್ಲಿ ಯಂತ್ರ ಒಂದೊಂದು ಬೇರೆ ತಾರೀಕು ಅಚ್ಚು ಹಾಕಿ ಕೊಡುತ್ತದೆ. ಅದನ್ನು ಕಾರ್ಡಿಗೆ ಏರಿಸಲು ಆಶಾ ಅಕ್ಕನಿಗಾಗಲಿ ನರ್ಸಮ್ಮನಿಗಾಗಲಿ ಬಿಡಬೇಡಿ. ಆಗ ನಿಜವಾಗಿ ಸಣ್ಣ ಇರುವ ಮಗುವೂ ತಾರೀಕಿನ ಹಿಂದೆ ಅಡಗಿಹೋಗುತ್ತದೆ.