ಕೆಪಿ ಅಂಕಿಗಿಂತ ಮೊದಲು ಮೋಡ: ಟ್ರೊಮ್ಸೊ, ಅಬಿಸ್ಕೊದಲ್ಲಿ ಧ್ರುವಪ್ರಭೆ ನೋಡಿದ ಬಗೆ

ಧ್ರುವದ ಬಳಿಯ ರಾತ್ರಿಯಾಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅಂದರೆ ಧ್ರುವಪ್ರಭೆ (ಅರೋರಾ) ನೋಡಲು ಹೊರಡುವವರು ಮೊದಲು ಕೇಳುವುದು "ಆ ವಾರ ಕೆಪಿ ಎಷ್ಟಿರುತ್ತದೆ?" ಎಂದು. ಕೆಪಿ ಎಂದರೆ ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ಯಿಂದ 9ರವರೆಗೆ ಅಳೆಯುವ ಅಂಕಿ. ನಾರ್ವೆಯ ಟ್ರೊಮ್ಸೊ ತಲುಪಿದ ಮೇಲೆ ಆ ಪ್ರಶ್ನೆಯಿಂದ ದೊಡ್ಡ ಉಪಯೋಗವಿಲ್ಲ. ಊರು ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭೂಮಿಯ ಕಾಂತಧ್ರುವದ ಸುತ್ತ ಬಳೆಯಂತೆ ಹಬ್ಬಿರುವ ಪ್ರಭಾವಲಯದ ಅಡಿಯಲ್ಲೇ. ಕೆಪಿ 1 ಅಥವಾ 2 ಇದ್ದ ರಾತ್ರಿಯೂ ಅಲ್ಲಿ ಹಸಿರು ಪಟ್ಟಿ ಮೂಡಬಹುದು. ಅದನ್ನು ಕಾಣದಂತೆ ಮಾಡುವುದು ಮೋಡ. ಹಾಗಾಗಿ ತಿಂಗಳು, ತಂಗುವ ಊರು, ಕಾರು, ರಾತ್ರಿಯ ಓಡಾಟ ಎಲ್ಲವನ್ನೂ ಮೋಡ ತಪ್ಪಿಸಿಕೊಳ್ಳುವ ಲೆಕ್ಕದಲ್ಲೇ ಗೊತ್ತುಮಾಡಿದೆ.

ಇನ್ನೂ ಉತ್ತರಕ್ಕೆ ಹೋದರೆ ಇನ್ನೂ ಚೆನ್ನ ಎನ್ನುವುದೂ ತಪ್ಪು ತಿಳಿವಳಿಕೆ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿರುವ ಸ್ವಾಲ್ಬಾರ್ಡ್ ದ್ವೀಪಗಳು 74–81 ಡಿಗ್ರಿಯಲ್ಲಿವೆ. ರಾತ್ರಿಯ ಪ್ರಭಾವಲಯ ಸಾಮಾನ್ಯವಾಗಿ ಅವುಗಳಿಗಿಂತ ದಕ್ಷಿಣಕ್ಕೆ ಬೀಳುತ್ತದೆ. ಜೊತೆಗೆ ಸ್ವಾಲ್ಬಾರ್ಡ್ ಷೆಂಗೆನ್ ವಲಯದ ಹೊರಗಿದೆ. ಹೋಗಿ ಬರಲು ಎರಡು ಪ್ರವೇಶದ ವೀಸಾ ಬೇಕು.

ನಾನು ಆರಿಸಿಕೊಂಡದ್ದು ಫೆಬ್ರವರಿ ಕೊನೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಟ್ರೊಮ್ಸೊದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಕತ್ತಲೆ ಹೆಚ್ಚು ಸಿಗುತ್ತದೆ ನಿಜ, ಆದರೆ ನಡುಹಗಲಿನ ಕೆಲವು ಗಂಟೆಗಳ ನೀಲಿ ಮಬ್ಬಿನಲ್ಲಿ ರಸ್ತೆಯನ್ನೂ ಕಾರು ನಿಲ್ಲಿಸುವ ಜಾಗವನ್ನೂ ನೋಡಿಟ್ಟುಕೊಳ್ಳುವುದು ಕಷ್ಟ. ಫೆಬ್ರವರಿ ಕೊನೆಗೆ ಎಂಟೊಂಬತ್ತು ಗಂಟೆ ಬೆಳಕಿದ್ದು, ರಾತ್ರಿಯೂ ಸಾಕಷ್ಟು ಉದ್ದವಿರುತ್ತದೆ. ವಿಷುವದ ಆಸುಪಾಸು, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸೌರಮಾರುತದ (ಸೂರ್ಯನಿಂದ ಹರಿದು ಬರುವ ಕಣಗಳ ಪ್ರವಾಹದ) ಕಾಂತಕ್ಷೇತ್ರ ಭೂಮಿಯದರೊಡನೆ ಸುಲಭವಾಗಿ ಬೆಸೆದುಕೊಳ್ಳುವುದರಿಂದ ಚಟುವಟಿಕೆಯೂ ತುಸು ಹೆಚ್ಚು. ಏಪ್ರಿಲ್ ಮಧ್ಯ ದಾಟಿದರೆ ರಾತ್ರಿ ಪೂರ್ತಿ ಕಪ್ಪಾಗುವುದಿಲ್ಲ.

ಚಂದ್ರನ ವಿಷಯದಲ್ಲಿ ಪಂಚಾಂಗ ತೆರೆದರೆ ಸಾಕು, ಆದರೆ ನಮ್ಮೂರಿನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಶುದ್ಧ ಅಷ್ಟಮಿಯ ಚಂದ್ರ ನಮ್ಮಲ್ಲಿ ನಡುರಾತ್ರಿಗೆ ಮುಳುಗುತ್ತಾನೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಅವನು ಆಕಾಶದ ಉತ್ತರ ಭಾಗದಲ್ಲಿರುವುದರಿಂದ ಟ್ರೊಮ್ಸೊದಲ್ಲಿ ಹೆಚ್ಚುಕಡಿಮೆ ರಾತ್ರಿಯಿಡೀ ಮೇಲೆಯೇ ಇರುತ್ತಾನೆ. ಬಹುಳ ಅಷ್ಟಮಿಯ ಚಂದ್ರ ದಕ್ಷಿಣದಲ್ಲಿರುತ್ತಾನೆ, ಅಲ್ಲಿ ಹುಟ್ಟುವುದೇ ಅಪರೂಪ. ಬಹುಳ ಅಷ್ಟಮಿಯಿಂದ ಅಮಾವಾಸ್ಯೆ ಕಳೆದು ಎರಡು ದಿನದವರೆಗೆ ಆಕಾಶ ಕಪ್ಪಗಿರುತ್ತದೆ. ನಾನು ಟಿಕೆಟ್ ತೆಗೆದದ್ದು ಆ ದಿನಗಳಿಗೆ. ಬೆಟ್ಟ, ಹಿಮ ಬೆಳಗಿದ ಫೋಟೊ ಬೇಕೆನ್ನುವವರಿಗೆ ಅರ್ಧಚಂದ್ರ ಒಳ್ಳೆಯದೇ. ಹುಣ್ಣಿಮೆ ಮಾತ್ರ ಮಂದ ಪ್ರಭೆಯನ್ನು ನುಂಗಿಬಿಡುತ್ತದೆ.

ಎಷ್ಟು ರಾತ್ರಿ ಬೇಕು? ಒಂದು ರಾತ್ರಿ ಆಕಾಶ ತೆರೆದುಕೊಳ್ಳುವ ಸಾಧ್ಯತೆ ನೂರಕ್ಕೆ 40 ಎಂದು ಇಟ್ಟುಕೊಳ್ಳಿ. ಮೂರು ರಾತ್ರಿಯೂ ಮೋಡವೇ ಆಗುವ ಸಾಧ್ಯತೆ ನೂರಕ್ಕೆ 22ರಷ್ಟು. ಏಳು ರಾತ್ರಿಯಾದರೆ ಅದು 3ಕ್ಕೆ ಇಳಿಯುತ್ತದೆ. ಒಂದೇ ಊರಿನಲ್ಲಿ ಕೂತರೆ ಒಂದೇ ಮೋಡದ ವ್ಯವಸ್ಥೆ ನಾಲ್ಕು ದಿನ ಕಾಡಬಹುದು, ಹಾಗಾಗಿ ಜಾಗವನ್ನೂ ಬದಲಿಸಬೇಕು. ನಾನು ಟ್ರೊಮ್ಸೊದಲ್ಲಿ ನಾಲ್ಕು, ಸ್ವೀಡನ್ನಿನ ಅಬಿಸ್ಕೊದಲ್ಲಿ ಮೂರು ರಾತ್ರಿ ಇಟ್ಟುಕೊಂಡೆ. ಪಶ್ಚಿಮದ ಬೆಟ್ಟಗಳ ಮಳೆನೆರಳಿನಲ್ಲಿರುವ ಅಬಿಸ್ಕೊಗೆ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 300 ಮಿಲಿಮೀಟರ್. ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಸುತ್ತ ಮೋಡ ಕವಿದಿದ್ದರೂ ಟೋರ್ನೆಟ್ರಾಸ್ಕ್ ಸರೋವರದ ಮೇಲೆ ಆಕಾಶ ತೆರೆದಿರುವುದುಂಟು. ಟ್ರೊಮ್ಸೊದಿಂದ ನಾರ್ವಿಕ್‌ಗೆ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ರೈಲು. ಬಿರುಗಾಳಿ ಬಂದರೆ ಎರಡೂ ನಿಲ್ಲಬಹುದು. ಆ ದಿನಕ್ಕೆ ಬೇರೆ ಯಾವ ಬುಕಿಂಗೂ ಇರಬಾರದು.

ವೀಸಾಕ್ಕೆ ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕ ಅರ್ಜಿ ಹಾಕಬೇಕು, ನನ್ನ ಲೆಕ್ಕದಲ್ಲಿ ಅದು ನಾರ್ವೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಊಟಕ್ಕೆ ಹುರಿದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ದು ಅಡುಗೆಮನೆ ಇರುವ ಮನೆ ಹಿಡಿದೆ, ಹೋಟೆಲ್ ಊಟ ಬಹಳ ದುಬಾರಿ. ತುಪ್ಪ, ಹಾಲಿನ ಪುಡಿ, ಪನೀರು ಬೇಡ: ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ.

ಬಟ್ಟೆಯ ವಿಷಯಕ್ಕೆ ಸಮಯ ಕೊಡಿ. ಕರಾವಳಿಯ ಟ್ರೊಮ್ಸೊದಲ್ಲಿ ಬೆಚ್ಚನೆಯ ಸಾಗರ ಪ್ರವಾಹದಿಂದಾಗಿ ಮೈನಸ್ 4 ಡಿಗ್ರಿ ಆಸುಪಾಸು ಇರುತ್ತದೆ. ಅದೇ ರಾತ್ರಿ ಒಳನಾಡಿನಲ್ಲಿ ಮೈನಸ್ 25 ಆಗಬಹುದು. ಅಲ್ಲಿ ಮೂರು ನಾಲ್ಕು ಗಂಟೆ ಅಲುಗಾಡದೆ ನಿಲ್ಲಬೇಕು. ನಡೆಯುವವನ ಬಟ್ಟೆ ನಿಲ್ಲುವವನಿಗೆ ಸಾಲದು. ಮೈಗೆ ತಾಗುವಂತೆ ಮೆರಿನೊ ಉಣ್ಣೆ, ಮೇಲೆ ದಪ್ಪ ಫ್ಲೀಸ್, ಅದರ ಮೇಲೆ ಗರಿ ತುಂಬಿದ ಜಾಕೆಟ್, ಹೊರಗೆ ಗಾಳಿ ತಡೆಯುವ ಪದರ. ಕಾಲಿಗೂ ಮೂರು ಪದರ ಬೇಕು, ಬಹಳ ಜನ ಸೋಲುವುದು ಇಲ್ಲೇ. ಹತ್ತಿ ಬಟ್ಟೆ ಒಂದೂ ಬೇಡ. ಬೆವರು ಹೀರಿ ಒದ್ದೆಯಾಗಿ ಮೈಯ ಶಾಖವನ್ನು ಎಳೆಯುತ್ತದೆ.

ಬೂಟು ಒಂದು ಸೈಜು ದೊಡ್ಡದಿರಲಿ. ಬೆರಳು ಆಡಿಸಲು ಆಗದಂತೆ ಎರಡು ದಪ್ಪ ಕಾಲುಚೀಲ ತುರುಕಿದರೆ ರಕ್ತ ಓಡದೆ, ಒಂದೇ ಚೀಲ ಹಾಕಿದವರಿಗಿಂತ ಬೇಗ ಮರಗಟ್ಟುತ್ತದೆ. ನಿಲ್ಲುವ ಕಡೆ ಕಾಲಡಿಗೆ ಯೋಗ ಮ್ಯಾಟಿನ ಒಂದು ತುಂಡು ಹಾಕಿಕೊಂಡೆ, ಹಿಮಕ್ಕೆ ಇಳಿದುಹೋಗುವ ಶಾಖ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಕೈಗೆ ತೆಳುವಾದ ಕೈಗವಸು, ಅದರ ಮೇಲೆ ಬೆರಳುಗಳೆಲ್ಲ ಒಟ್ಟಿಗೆ ಸೇರುವ ದಪ್ಪ ಮಿಟನ್. ಕೈ ಬಿಸಿ ಮಾಡುವ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ, ಅದು ಗಾಳಿ ತಾಗಿದರೆ ಮಾತ್ರ ಬಿಸಿಯಾಗುತ್ತದೆ. ಹೊರಡುವ ಹತ್ತು ಹದಿನೈದು ನಿಮಿಷ ಮೊದಲೇ ಒಡೆದು ಅಲ್ಲಾಡಿಸಿ, ಬಿಸಿ ಏರಿದ ಮೇಲೆ ಒಳಗಿಡಬೇಕು. ತಲೆಗೆ ನಮ್ಮ ಮಂಕಿ ಟೋಪಿಯೇ ಒಳಪದರವಾಗಿ ಚೆನ್ನಾಗಿ ಕೂರುತ್ತದೆ. ಕನ್ನಡಕದವರು ಅದನ್ನು ಮೂಗಿನ ಕೆಳಗೆ ಎಳೆದುಕೊಳ್ಳಲಿ, ಇಲ್ಲವಾದರೆ ಉಸಿರು ಗಾಜಿನ ಮೇಲೆ ಮಂಜುಗಡ್ಡೆಯಾಗುತ್ತದೆ. ಮುಖದ ಚರ್ಮಕ್ಕೆ ವ್ಯಾಸಲಿನ್ ಸಾಕು, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ. ಕೆನ್ನೆ, ಮೂಗಿನ ತುದಿ ಬೆಳ್ಳಗಾಗಿ ಸ್ಪರ್ಶ ಹೋದರೆ ಉಜ್ಜಬಾರದು. ಬೆಚ್ಚಗಿನ ಅಂಗೈ ಒತ್ತಿ ಹಿಡಿದು ಕಾರಿನೊಳಗೆ ಹೋಗಬೇಕು. ಊರೊಳಗಿನ ಪಾದಚಾರಿ ದಾರಿಯ ಗಾಜಿನಂಥ ಮಂಜಿಗೆ ಬೂಟಿಗೆ ತೊಡಿಸುವ ಮೊಳೆಪಟ್ಟಿ ಬೇಕು, ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ.

ಸಂಜೆ ನಾಲ್ಕಕ್ಕೆ ನಿರ್ಧಾರದ ಕೆಲಸ ಶುರು. ನಾರ್ವೆಯ ಹವಾಮಾನ ಸಂಸ್ಥೆಯ ಯರ್ ಆ್ಯಪ್‌ನಲ್ಲಿ ಗಂಟೆಗಂಟೆಯ ಮೋಡ ತೆರೆದು ಕೆಳಮೋಡ, ನಡುಮೋಡ, ಮೇಲ್ಮೋಡ ಬೇರೆಬೇರೆ ನೋಡುತ್ತಿದ್ದೆ. ಒಟ್ಟು ಮೋಡ ನೂರಕ್ಕೆ 90 ಎಂದಿದ್ದರೂ ಅದೆಲ್ಲ ತೆಳುವಾದ ಮೇಲ್ಮೋಡವಾದರೆ ಬಲವಾದ ಪ್ರಭೆ ತೂರಿ ಬರುತ್ತದೆ. ಕೆಳಮೋಡ 60 ದಾಟಿದರೆ ಆ ಜಾಗ ಬಿಟ್ಟೆ. ಗಾಳಿಯ ದಿಕ್ಕು ಇನ್ನೂ ಮುಖ್ಯ. ಪಶ್ಚಿಮ, ವಾಯವ್ಯದ ಗಾಳಿ ಸಮುದ್ರದ ಹಿಮಮೋಡಗಳನ್ನು ಕರಾವಳಿಗೆ ತಂದು ಸುರಿಯುತ್ತದೆ, ಬೆಟ್ಟ ದಾಟಿದ ಒಳನಾಡು ತಿಳಿಯಾಗಿರುತ್ತದೆ. ಆಗ್ನೇಯದ ಗಾಳಿಯಿದ್ದರೆ ಲೆಕ್ಕ ತಿರುವುಮುರುವು, ಕರಾವಳಿಯ ದ್ವೀಪಗಳೇ ಸರಿ. ಮೊದಲನೆಯ ಸ್ಥಿತಿಯಲ್ಲಿ ಇ8 ಹೆದ್ದಾರಿಯಲ್ಲಿ ಸುಮಾರು 120 ಕಿ.ಮೀ. ದೂರದ ಸ್ಕಿಬೊಟ್ನ್. ಟ್ರೊಮ್ಸೊ ವಿಶ್ವವಿದ್ಯಾಲಯದ ವೀಕ್ಷಣಾಲಯ ಇರುವುದೂ ಅಲ್ಲೇ. ಅಲ್ಲೂ ಮೋಡವಿದ್ದರೆ ಇನ್ನು 50 ಕಿ.ಮೀ. ಏರಿ ಫಿನ್ಲೆಂಡಿನ ಕಿಲ್ಪಿಸ್ಯಾರ್ವಿ. ಗಡಿ ದಾಟುವಾಗ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಫಿನ್ಲೆಂಡಿನ ಗಡಿಯಾರ ಒಂದು ಗಂಟೆ ಮುಂದಿದ್ದು ಮೊಬೈಲ್ ತಾನಾಗಿ ಬದಲಾಗುತ್ತದೆ, ಮುನ್ಸೂಚನೆ ಓದುವಾಗ ಎಡವುವುದು ಇಲ್ಲೇ.

ಮೋಡದ ಲೆಕ್ಕ ಮುಗಿದ ಮೇಲೆ ಸೂರ್ಯನ ಕಡೆ. ಕೆಪಿ ಎಂಬುದು ಮೂರು ಗಂಟೆಗೊಂದರಂತೆ ಇಡೀ ಭೂಮಿಗೆ ಕೊಡುವ ಸರಾಸರಿ ಅಂಕಿ, ಮುಂದಿನ ಅರ್ಧ ಗಂಟೆಯ ಬಗ್ಗೆ ಅದು ಏನನ್ನೂ ಹೇಳದು. ನೋಡಬೇಕಾದದ್ದು ಬಿಝಡ್, ಅಂದರೆ ಸೌರಮಾರುತದ ಕಾಂತಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದು. ಅದು ಋಣ, ಅಂದರೆ ದಕ್ಷಿಣಮುಖಿಯಾಗಿ, ಮೈನಸ್ 5 ನ್ಯಾನೊಟೆಸ್ಲಾ ಆಸುಪಾಸು ಅರ್ಧ ಗಂಟೆ ನಿಂತರೆ ಹೊರಗಿರಬೇಕು. ಈ ಅಳತೆ ನಡೆಯುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಬಳಿ, 2024ರ ಜನವರಿಯಲ್ಲಿ ನಮ್ಮ ಆದಿತ್ಯ-ಎಲ್1 ನೌಕೆ ಹೋಗಿ ಸೇರಿದ ಕಡೆ. ಸೌರಮಾರುತದ ವೇಗ ಸೆಕೆಂಡಿಗೆ 500 ಕಿ.ಮೀ. ಇದ್ದರೆ ಅಲ್ಲಿಂದ ಇಲ್ಲಿಗೆ 3,000 ಸೆಕೆಂಡ್, ಅಂದರೆ 50 ನಿಮಿಷ. ನಿಜವಾದ ಮುನ್ಸೂಚನೆ ಸಿಗುವುದು ಅಷ್ಟೇ. ಹಾಗಾಗಿ ಬಿಝಡ್ ನೋಡಿ ಮನೆಯಿಂದ ಹೊರಡುವುದಲ್ಲ. ತಿಳಿಯಾದ ಆಕಾಶದ ಕೆಳಗೆ ಮೊದಲು ಹೋಗಿ ನಿಂತು, ಆಮೇಲೆ ಬಿಝಡ್ ನೋಡಬೇಕು.

ಕಾರಿಗೆ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೆ. ಬಾಡಿಗೆ ಕಾರಿನ ಮೊಳೆ ಟೈರುಗಳು ಮಂಜುಗಡ್ಡೆಯ ಮೇಲೂ ಹಿಡಿಯುತ್ತವೆ, ಆದರೂ ಬ್ರೇಕ್ ಹಿಡಿಯಲು ಬೇಕಾಗುವ ದೂರ ಒಣ ರಸ್ತೆಯದರ ಹಲವು ಪಟ್ಟು. ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಗೇರ್ ಇಳಿಸಿ ನಿಧಾನಿಸಬೇಕು. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಕಾರು ಸಿಕ್ಕಿಬಿದ್ದರೆ ರಾತ್ರಿಯಿಡೀ ಎಂಜಿನ್ನೇ ಹೀಟರ್. ಹಾಗೆ ಓಡಿಸುವಾಗ ಹೊಗೆಕೊಳವೆಗೆ ಹಿಮ ಕಟ್ಟದಂತೆ ನೋಡಿಕೊಳ್ಳಬೇಕು. ಪ್ರಭೆ ಕಂಡಿತೆಂದು ರಸ್ತೆಯಲ್ಲೇ ನಿಲ್ಲಿಸುವುದು ಪ್ರಾಣಕ್ಕೆ ಕುತ್ತು. ಹಗಲಲ್ಲೇ ನಾಲ್ಕೈದು ನಿಲುಗಡೆ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿಟ್ಟಿದ್ದೆ. ಇಳಿಯುವಾಗ ಹೊಳೆಯುವ ಜಾಕೆಟ್ ತೊಡಬೇಕು, ನಾರ್ವೆಯಲ್ಲಿ ಅದು ಕಾರಿನಲ್ಲಿರುವುದು ಕಡ್ಡಾಯ. ಹಿಮರಸ್ತೆ ಓಡಿಸಿ ಗೊತ್ತಿಲ್ಲದವರು ವ್ಯಾನಿನ ಗೈಡ್ ಪ್ರವಾಸ ತೆಗೆದುಕೊಳ್ಳುವುದೇ ಸರಿ. ಮೋಡ ಬಿಟ್ಟ ಕಡೆಗೆ ಅವರೇ ಓಡಿಸುತ್ತಾರೆ.

ಇಳಿದ ಮೇಲೆ ದೀಪವೆಲ್ಲ ಆರಿಸಿ ಇಪ್ಪತ್ತು ನಿಮಿಷ ಮೊಬೈಲ್ ನೋಡದಿದ್ದರೆ ಕಣ್ಣು ಕತ್ತಲೆಗೆ ಒಗ್ಗುತ್ತದೆ. ಮಂದ ಪ್ರಭೆ ಕಣ್ಣಿಗೆ ಹಸಿರಾಗಿ ಕಾಣುವುದಿಲ್ಲ. ಮಸುಕು ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ, ಬೂದು ಮೋಡದ ಎಳೆಯಂತೆ ತೋರುತ್ತದೆ. ಮೊಬೈಲ್‌ನಲ್ಲಿ ಮೂರು ಸೆಕೆಂಡಿನ ಚಿತ್ರ ತೆಗೆದರೆ ಹಸಿರು ಬಂತೋ ಇಲ್ಲವೋ ಎಂಬುದರಲ್ಲೇ ಉತ್ತರವಿದೆ. ಬಹಳ ಮಂದಿ ಆ ಬೂದು ಎಳೆ ನೋಡಿ ಮೋಡ ಬಂತೆಂದು ವಾಪಸಾಗುತ್ತಾರೆ. ಸಾಮಾನ್ಯವಾಗಿ ಮೊದಲು ಪೂರ್ವದಿಂದ ಪಶ್ಚಿಮಕ್ಕೆ ಕಮಾನಿನಂತೆ ಒಂದು ಪಟ್ಟಿ ಗಂಟೆಗಟ್ಟಲೆ ಸುಮ್ಮನೆ ನಿಲ್ಲುತ್ತದೆ. ಅದರ ಕೆಳ ಅಂಚು ಬೆಳಗಿ ನಿರಿಗೆ ಕಟ್ಟಿದರೆ ಮುಂದಿನ ಕೆಲವು ನಿಮಿಷಗಳಲ್ಲಿ ಒಡೆಯುತ್ತದೆ. ಪರದೆಗಳು ನೆತ್ತಿಗೆ ಬಂದು ಐದರಿಂದ ಹದಿನೈದು ನಿಮಿಷ ಸುತ್ತುತ್ತವೆ, ಹಸಿರಿನ ಕೆಳಗೆ ಸಾರಜನಕದ ಗುಲಾಬಿ ಅಂಚು ಮಿಂಚುತ್ತದೆ. ಅದು ತಣಿದ ಮೇಲೆ ಆಕಾಶದಲ್ಲಿ ತೇಪೆಗಳು ಹತ್ತಿ ಆರುತ್ತಿರುತ್ತವೆ. ಪ್ರವಾಸಿಗಳು ಹೊರಡುವುದು ಆಗಲೇ. ನಾನು ಹೊರಡಲಿಲ್ಲ. ಬಿಝಡ್ ದಕ್ಷಿಣದಲ್ಲೇ ಇದ್ದರೆ ಒಂದೆರಡು ಗಂಟೆಯಲ್ಲಿ ಮತ್ತೊಂದು ಸುತ್ತು ಬರುತ್ತದೆ. ರಾತ್ರಿ ಒಂಬತ್ತರಿಂದ ಒಂದೂವರೆವರೆಗೆ ಕಾಯುವುದು ನನ್ನ ನಿಯಮ.

ಕ್ಯಾಮೆರಾದಲ್ಲಿ ಮೊದಲು ಬಿಚ್ಚಬೇಕಾದದ್ದು ಯುವಿ ಫಿಲ್ಟರ್. ಧ್ರುವಪ್ರಭೆಯ ಹಸಿರು 557.7 ನ್ಯಾನೊಮೀಟರ್‌ನ ಒಂದೇ ತರಂಗದ ಬೆಳಕಾದ್ದರಿಂದ ಫಿಲ್ಟರಿನ ಚಪ್ಪಟೆ ಗಾಜಿನಲ್ಲಿ ಪ್ರತಿಫಲಿಸಿ ಚಿತ್ರದ ನಡುವೆ ಉಂಗುರಗಳನ್ನು ಮೂಡಿಸುತ್ತದೆ. ಆಮೇಲೆ ಅದನ್ನು ಅಳಿಸಲು ಬಾರದು. ಆಟೊ ಫೋಕಸ್ ನಿಲ್ಲಿಸಿ, ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ಅದು ಸಣ್ಣ ಚುಕ್ಕೆಯಾಗುವವರೆಗೆ ತಿರುಗಿಸಿ, ಉಂಗುರಕ್ಕೆ ಟೇಪ್ ಅಂಟಿಸಿದೆ. ಲೆನ್ಸ್ ಎಫ್ 2.8 ಅಥವಾ ಅದಕ್ಕಿಂತ ಅಗಲ, ಐಎಸ್‌ಒ 1600ರಿಂದ 3200, ವೈಟ್ ಬ್ಯಾಲೆನ್ಸ್ 3,800 ಕೆಲ್ವಿನ್, ರಾ ಫೈಲ್. ಶಟರ್ ತೆರೆದಿಡುವುದು ಸುಮ್ಮನಿರುವ ಕಮಾನಿಗೆ 8ರಿಂದ 12 ಸೆಕೆಂಡ್, ಕುಣಿಯುವಾಗ 1ರಿಂದ 3. ಆಗಲೂ ಹತ್ತು ಸೆಕೆಂಡ್ ಬಿಟ್ಟರೆ ಪರದೆಯ ನಿರಿಗೆಗಳು ಕಲಸಿ ಬರೀ ಹಸಿರು ಹಿಟ್ಟಾಗುತ್ತದೆ. ಕತ್ತಲೆಯಲ್ಲಿ ಕ್ಯಾಮೆರಾ ಪರದೆ ಬಹಳ ಬೆಳಗುವುದರಿಂದ ಚಿತ್ರ ಚೆನ್ನಾಗಿ ಬಂತೆಂದು ಮೋಸ ಹೋಗುವುದು ಸುಲಭ, ಚಿತ್ರದಲ್ಲಿನ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಬೇಕು. ಬ್ಯಾಟರಿ ಮೂರು ಬೇಕು. ಎರಡು ಯಾವಾಗಲೂ ಒಳಜೇಬಿನಲ್ಲಿ. ಚಳಿಗೆ ಸತ್ತಂತೆ ಕಂಡದ್ದು ಮೈ ಶಾಖಕ್ಕೆ ಮತ್ತೆ ಸ್ವಲ್ಪ ಜೀವ ಪಡೆಯುತ್ತದೆ. ಟ್ರೈಪಾಡಿನ ಲೋಹದ ಕಾಲುಗಳಿಗೆ ಫೋಮ್ ಸುತ್ತಿ, ಬರಿಗೈಯಲ್ಲಿ ಮುಟ್ಟಬೇಡಿ.

ಕ್ಯಾಮೆರಾಕ್ಕೆ ಅಪಾಯ ಹೆಚ್ಚು ವಾಪಸ್ ಬಂದಾಗ. ಮೈನಸ್ 20ರಲ್ಲಿದ್ದ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಗೆ ತಂದರೆ ಒಳಗಿನ ಗಾಜಿನ ಮೇಲೂ ಸರ್ಕ್ಯೂಟಿನ ಮೇಲೂ ನೀರು ಕೂರುತ್ತದೆ. ಹೊರಗೆ ಇರುವಾಗಲೇ ಮೆಮೊರಿ ಕಾರ್ಡ್, ಬ್ಯಾಟರಿ ತೆಗೆದುಕೊಂಡು, ಕ್ಯಾಮೆರಾವನ್ನು ದೊಡ್ಡ ಜಿಪ್‌ಲಾಕ್ ಚೀಲದಲ್ಲಿಟ್ಟು ಗಾಳಿ ಒತ್ತಿ ತೆಗೆದು ಮುಚ್ಚಬೇಕು. ತೇವ ಚೀಲದ ಹೊರಮೈಗೆ ಅಂಟುತ್ತದೆ. ಕೋಣೆಯಲ್ಲಿ ಅದನ್ನು ಹೀಟರಿನಿಂದ ದೂರ, ಬಾಗಿಲ ಬಳಿಯ ತಣ್ಣನೆಯ ಮೂಲೆಯಲ್ಲಿಟ್ಟು ಮಲಗಿದೆ. ಕನಿಷ್ಠ ಮೂರು ಗಂಟೆ ಚೀಲ ತೆರೆಯಬಾರದು. ಅಷ್ಟರಲ್ಲಿ ಬೂಟಿನ ಒಳಪದರ ಹೊರಗೆಳೆದು ಒಣಗಲು ಹಾಕಬೇಕು. ಒಳಗೆ ಉಳಿದ ಬೆವರು ಮರುರಾತ್ರಿ ಮಂಜುಗಡ್ಡೆಯಾಗುತ್ತದೆ.